ರೆಕ್ಕೆಯಿಂದ ಕೋಣೆಗೆ: ಗ್ಲೆನ್ ಕರ್ಟಿಸ್ ಕಥೆ

ಅಮೆರಿಕದ ದೊಡ್ಡ ಆರ್‌ವಿಗಳ ವಿಡಿಯೋ ನೀವೆಲ್ಲ ನೋಡಿರ್ತೀರ. ಬಸ್ಸಿನಷ್ಟು ಉದ್ದದ ಗಾಡಿ ಬಂದು ಕ್ಯಾಂಪ್ ಜಾಗದಲ್ಲಿ ನಿಲ್ಲುತ್ತೆ. ಒಳಗಿರೋರು ಒಂದು ಗುಂಡಿ ಒತ್ತುತ್ತಾರೆ. ಗಾಡಿಯ ಪಕ್ಕದ ಗೋಡೆ ಕಿಟಕಿ, ಸೋಫಾ, ಊಟದ ಮೇಜು ಎಲ್ಲವನ್ನೂ ಹೊತ್ತುಕೊಂಡು ಮೆಲ್ಲಗೆ ಹೊರಕ್ಕೆ ಜರುಗುತ್ತೆ. ಅರ್ಧ ನಿಮಿಷದಲ್ಲಿ ಓಣಿ ಥರ ಇದ್ದ ಜಾಗ ಹಾಲ್ ಆಗಿರುತ್ತೆ. ಇದಕ್ಕೆ ಸ್ಲೈಡ್-ಔಟ್ ಅಂತಾರೆ. ಯಾಕೆ ಬೇಕು ಅಂದ್ರೆ, ಅಲ್ಲಿನ ಹೆದ್ದಾರಿಯಲ್ಲಿ ಗಾಡಿಯ ಅಗಲ ಸುಮಾರು 2.6 ಮೀಟರ್ ದಾಟೋ ಹಾಗಿಲ್ಲ. ಓಡುವಾಗ ಕಾನೂನಿನಷ್ಟು ಅಗಲ, ನಿಂತಾಗ ನಮಗೆ ಬೇಕಾದಷ್ಟು ಅಗಲ.

ನಾನು ಬರೀತಿರೋದು ಇದನ್ನ ಕಂಡುಹಿಡಿದವನ ಬಗ್ಗೆ ಅಲ್ಲ, ಮೊದಲೇ ಹೇಳಿಬಿಡ್ತೀನಿ. ಮೋಟಾರ್‌ಹೋಮ್‌ಗಳಲ್ಲಿ ಸ್ಲೈಡ್-ಔಟ್ ಚಾಲ್ತಿಗೆ ಬಂದದ್ದು 1990ರ ಸುಮಾರಿಗೆ. ಗ್ಲೆನ್ ಕರ್ಟಿಸ್ ತೀರಿಕೊಂಡದ್ದು 1930ರಲ್ಲಿ. ಪುಸ್ತಕಗಳಲ್ಲಿ ಅವನ ಹೆಸರು ಬರೋದು ವಿಮಾನದ ಅಧ್ಯಾಯದಲ್ಲಿ, ಅದೂ ಹೆಚ್ಚಿನ ಸಲ ರೈಟ್ ಸಹೋದರರ ಎದುರಾಳಿ ಅಂತ. ಆದ್ರೆ ಅವನ ಕೊನೆಯ ಹತ್ತು ವರ್ಷಗಳ ಕೆಲಸ ನೋಡಿದ್ರೆ, ಇವತ್ತಿನ ಆರ್‌ವಿ ಎಂಜಿನಿಯರುಗಳು ತಲೆ ಕೆಡಿಸಿಕೊಳ್ಳೋ ಪ್ರಶ್ನೆಯನ್ನೇ ಅವನೂ ಹಿಡಿದುಕೊಂಡಿದ್ದ ಅನ್ನೋದು ಗೊತ್ತಾಗುತ್ತೆ. ಹಗುರವಾದ ಒಂದು ಡಬ್ಬ ಗಟ್ಟಿಯಾಗೂ ಇರಬೇಕು, ಅದರ ಒಂದು ಭಾಗ ಅಲುಗಾಡಲೂ ಬೇಕು. ಎರಡೂ ಒಟ್ಟಿಗೆ ಹೇಗೆ?

ಕರ್ಟಿಸ್ ಹುಟ್ಟಿದ್ದು 1878ರ ಮೇ 21ರಂದು, ನ್ಯೂಯಾರ್ಕ್ ರಾಜ್ಯದ ಹ್ಯಾಮಂಡ್ಸ್‌ಪೋರ್ಟ್ ಅನ್ನೋ ಸಣ್ಣ ಊರಲ್ಲಿ. ಕ್ಯೂಕಾ ಅನ್ನೋ ಉದ್ದನೆಯ ಕೆರೆಯ ದಕ್ಷಿಣದ ತುದಿ ಅದು. ಸುತ್ತ ಗುಡ್ಡ, ಗುಡ್ಡದ ತುಂಬ ದ್ರಾಕ್ಷಿ ತೋಟ. ಅಪ್ಪ ಕುದುರೆಗಳಿಗೆ ಜೀನು, ಲಗಾಮು ಮಾಡುತ್ತಿದ್ದವರು. ಹುಡುಗನಿಗೆ ಐದು ತುಂಬುವ ಮೊದಲೇ ತೀರಿಕೊಂಡರು. ತಂಗಿ ರೂಥಾಗೆ ಚಿಕ್ಕ ವಯಸ್ಸಲ್ಲೇ ಮೆನಿಂಜೈಟಿಸ್ ಬಂದು ಕಿವಿ ಹೋಯಿತು. ಕಿವಿ ಕೇಳದ ಮಕ್ಕಳ ಶಾಲೆ ಇದ್ದದ್ದು ರಾಚೆಸ್ಟರ್ ಪಟ್ಟಣದಲ್ಲಿ, ಹಾಗಾಗಿ ಮನೆಯವರು ಅಲ್ಲಿಗೆ ಹೋದರು. ಎಂಟನೇ ಕ್ಲಾಸ್ ಮುಗಿದಮೇಲೆ ಗ್ಲೆನ್ ಓದು ಬಿಟ್ಟ. ಮುಂದೆ ಅವನಿಗೆ ಕಾಲೇಜೂ ಇಲ್ಲ, ಡಿಗ್ರಿಯೂ ಇಲ್ಲ. ನಾಲ್ಕು ಸೆಮಿಸ್ಟರ್ ಗಣಿತ ಓದಿಯೂ ಒಂದು ನಟ್ಟು ಬಿಗಿಸಿ ಗೊತ್ತಿಲ್ಲದ ನಮ್ಮಂಥವರಿಗೆ ಇದು ಸ್ವಲ್ಪ ಚುಚ್ಚುತ್ತೆ, ಬಿಡಿ.

ರಾಚೆಸ್ಟರಿನಲ್ಲಿ ಅವನಿಗೆ ಈಸ್ಟ್‌ಮನ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮುಂದೆ ಕೊಡಾಕ್ ಆದ ಕಂಪನಿ ಅದೇ. ಫಿಲ್ಮ್ ಸುರುಳಿಯ ಹಿಂದಿನ ಕಾಗದಕ್ಕೆ ನಂಬರ್ ಗುರುತು ಹಾಕೋ ಕೆಲಸ, ಒಂದೊಂದನ್ನೇ ಕೈಯಲ್ಲಿ ಹಾಕಬೇಕು. ಹುಡುಗ ಅದಕ್ಕೊಂದು ಸಣ್ಣ ಸ್ಟೆನ್ಸಿಲ್ ಯಂತ್ರ ಮಾಡಿಕೊಂಡ. ಆಮೇಲೆ ಸೈಕಲ್ಲಲ್ಲಿ ಟೆಲಿಗ್ರಾಂ ಹಂಚುವ ಕೆಲಸ. ಸೈಕಲ್ ತುಳಿಯೋದು ಅಂದ್ರೆ ಹುಚ್ಚು, ರೇಸಲ್ಲಿ ಗೆಲ್ಲುತ್ತಲೂ ಇದ್ದ. 1898ರಲ್ಲಿ ಲೀನಾ ನೆಫ್ ಜೊತೆ ಮದುವೆ. ಹ್ಯಾಮಂಡ್ಸ್‌ಪೋರ್ಟಿಗೆ ವಾಪಸ್ ಬಂದು ಸೈಕಲ್ ಅಂಗಡಿ ಇಟ್ಟ.

ಗುಡ್ಡದ ಊರಲ್ಲಿ ಸೈಕಲ್ ತುಳಿಯೋ ಕಷ್ಟ ಗೊತ್ತಿರೋರಿಗೆ ಮುಂದಿನ ಹೆಜ್ಜೆ ಯಾಕೆ ಅಂತ ಹೇಳಬೇಕಾಗಿಲ್ಲ. 1901ರ ಹೊತ್ತಿಗೆ ಸೈಕಲ್ಲಿಗೆ ಎಂಜಿನ್ ಕಟ್ಟೋ ಪ್ರಯೋಗ ಶುರುವಾಯಿತು. ಮೊದಲ ಕಾರ್ಬ್ಯುರೇಟರ್ ಮಾಡಿದ್ದು ಟೊಮೆಟೊ ಡಬ್ಬಿಯಲ್ಲಿ. ಹೊರಗಿಂದ ತರಿಸಿದ ಎಂಜಿನ್‌ಗಳು ಭಾರ ಅನ್ನಿಸಿದಾಗ ತಾನೇ ಎಂಜಿನ್ ಮಾಡೋಕೆ ಇಳಿದ. ಅವನ ಮುಂದಿನ ಬದುಕೆಲ್ಲ ನಡೆದದ್ದು ಈ ಒಂದು ಲೆಕ್ಕದ ಮೇಲೆ: ಎಷ್ಟು ಕೆ.ಜಿ.ಗೆ ಎಷ್ಟು ಅಶ್ವಶಕ್ತಿ. ಸೈಕಲ್ ಫ್ರೇಮಿನ ಮೇಲೆ ಕೂರಬೇಕು ಅಂದ್ರೆ ಎಂಜಿನ್ ಹಗುರವೇ ಇರಬೇಕು. ಹಗುರ ಎಂಜಿನ್ ಇದ್ದವರನ್ನ ಆ ಕಾಲದಲ್ಲಿ ಇನ್ನೊಂದು ಗುಂಪಿನ ಜನ ಹುಡುಕಿಕೊಂಡು ಬರುತ್ತಿದ್ದರು, ಆಕಾಶಕ್ಕೆ ಹೋಗಬೇಕು ಅಂತ ಹಟ ಹಿಡಿದವರು. 1904ರಲ್ಲಿ ಥಾಮಸ್ ಬಾಲ್ಡ್‌ವಿನ್‌ನ ಏರ್‌ಶಿಪ್ ಸೇಂಟ್ ಲೂಯಿಸ್‌ನ ಜಾತ್ರೆಯಂಥ ದೊಡ್ಡ ಪ್ರದರ್ಶನದಲ್ಲಿ ಹಾರಿದಾಗ ಅದರಲ್ಲಿದ್ದದ್ದು ಕರ್ಟಿಸ್‌ನ ಮೋಟಾರ್‌ಸೈಕಲ್ ಎಂಜಿನ್.

1907ರ ಜನವರಿ, ಫ್ಲೋರಿಡಾದ ಆರ್ಮಂಡ್ ಬೀಚ್. ವಿಮಾನ, ಏರ್‌ಶಿಪ್‌ಗಳ ಕೆಲಸಕ್ಕೆ ಅಂತ ಮಾಡಿದ ವಿ-8 ಎಂಜಿನ್ ಒಂದಿತ್ತು. 40 ಅಶ್ವಶಕ್ತಿ, ಗಾಳಿಯಿಂದಲೇ ತಣ್ಣಗಾಗುವಂಥದ್ದು. ಅದನ್ನ ಒಂದು ಉದ್ದನೆಯ ಮೋಟಾರ್‌ಸೈಕಲ್ ಫ್ರೇಮಿನೊಳಗೆ ತುರುಕಿ, ಮರಳ ಮೇಲೆ ತಾನೇ ಮಲಗಿದ ಹಾಗೆ ಕೂತು ಓಡಿಸಿದ. ಒಂದು ಮೈಲಿ 26.4 ಸೆಕೆಂಡಿನಲ್ಲಿ. ಗಂಟೆಗೆ ಸುಮಾರು 219 ಕಿಲೋಮೀಟರ್! ಹೆಲ್ಮೆಟ್ ಅಂದ್ರೆ ಚರ್ಮದ ಟೋಪಿ ಇದ್ದ ಕಾಲ. ವಾಪಸ್ ಓಡಿಸುವಾಗ ಯೂನಿವರ್ಸಲ್ ಜಾಯಿಂಟ್ ಮುರಿದು ಫ್ರೇಮ್ ಬಾಗಿತು, ಹಾಗಾಗಿ ಇದು ಅಧಿಕೃತ ದಾಖಲೆ ಆಗಲಿಲ್ಲ. ಎಂಜಿನ್ ಕೊಟ್ಟ ಬಲವನ್ನ ತಾಳೋ ಶಕ್ತಿ ಅದನ್ನ ಹೊತ್ತ ಚೌಕಟ್ಟಿಗೆ ಇರಲಿಲ್ಲ. ಚೌಕಟ್ಟಿನ ಚಿಂತೆ ಅವನಿಗೆ ಇಲ್ಲಿಂದ ಅಂಟಿಕೊಂಡಿತು ಅಂತ ನನಗನ್ನಿಸುತ್ತೆ.

ಅದೇ ವರ್ಷ ಅಕ್ಟೋಬರಿನಲ್ಲಿ ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಐದು ಜನರ ಒಂದು ತಂಡ ಕಟ್ಟಿದರು. ವಿಮಾನ ಮಾಡೋದು ಒಂದೇ ಕೆಲಸ. ಖರ್ಚಿಗೆ ದುಡ್ಡು ಕೊಟ್ಟದ್ದು ಬೆಲ್ ಅವರ ಹೆಂಡತಿ ಮೇಬಲ್. ಅವರಿಗೂ ಬಾಲ್ಯದಿಂದ ಕಿವಿ ಕೇಳುತ್ತಿರಲಿಲ್ಲ; ರೂಥಾಳ ಅಣ್ಣನಿಗೆ ಆ ಮನೆ ಹೊಸದು ಅನ್ನಿಸಿರಲಿಕ್ಕಿಲ್ಲ. ತಂಡದಲ್ಲಿ ಎಂಜಿನ್ ಗೊತ್ತಿದ್ದವನು ಕರ್ಟಿಸ್ ಒಬ್ಬನೇ. 1908ರ ಜುಲೈ 4ರಂದು ಅವರ ಮೂರನೇ ವಿಮಾನ ಜೂನ್ ಬಗ್ ಅನ್ನು ಅವನು ಹ್ಯಾಮಂಡ್ಸ್‌ಪೋರ್ಟಿನಲ್ಲಿ ಊರವರ ಮುಂದೆಯೇ ಒಂದೂವರೆ ಕಿಲೋಮೀಟರಿಗಿಂತ ದೂರ ಹಾರಿಸಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಟ್ರೋಫಿ ಗೆದ್ದ. ರೈಟ್ ಸಹೋದರರು 1903ರಲ್ಲೇ ಹಾರಿದ್ದರು ನಿಜ, ಆದ್ರೆ ಗುಟ್ಟು ಹೊರಬೀಳುತ್ತೆ ಅಂತ ಜನರ ಕಣ್ಣಿಂದ ದೂರವೇ ಇದ್ದರು. ಅಮೆರಿಕದಲ್ಲಿ ಮುಂಚೆಯೇ ದಿನ ಗೊತ್ತುಮಾಡಿ, ಎಲ್ಲರನ್ನೂ ಕರೆದು ಹಾರಿದ್ದು ಇದೇ ಮೊದಲು.

ಈಗ ಜಗಳಕ್ಕೆ ಬರೋಣ. ಇದರೊಳಗೇ ನಮ್ಮ ಸ್ಲೈಡ್-ಔಟ್‌ನ ಬೀಜವೂ ಇದೆ.

ವಿಮಾನ ಒಂದು ಪಕ್ಕಕ್ಕೆ ವಾಲಿದಾಗ ಅದನ್ನ ಸರಿ ಮಾಡಬೇಕು ಅಂದ್ರೆ ಒಂದು ರೆಕ್ಕೆಯ ಲಿಫ್ಟ್ ಹೆಚ್ಚಾಗಬೇಕು, ಇನ್ನೊಂದರದ್ದು ಕಮ್ಮಿಯಾಗಬೇಕು. ರೈಟ್ ಸಹೋದರರ ದಾರಿ: ತಂತಿ ಎಳೆದು ಇಡೀ ರೆಕ್ಕೆಯನ್ನೇ ತಿರುಚೋದು. ಸೊಗಸಾದ ಉಪಾಯ, ಅನುಮಾನವೇ ಇಲ್ಲ. ಆದ್ರೆ ತಿರುಚೋಕೆ ಆಗಬೇಕು ಅಂದ್ರೆ ರೆಕ್ಕೆ ಬಳುಕಬೇಕು, ಬಳುಕೋ ರೆಕ್ಕೆಯನ್ನ ಒಂದು ಮಿತಿ ಮೀರಿ ಗಟ್ಟಿ ಮಾಡೋ ಹಾಗಿಲ್ಲ. ಬೆಲ್ ತಂಡದವರು ಹಿಡಿದ ದಾರಿ: ರೆಕ್ಕೆ ಅಲ್ಲಾಡದೆ ಗಟ್ಟಿಯಾಗೇ ಇರಲಿ, ಅದರ ತುದಿಯಲ್ಲಿ ಕೀಲು ಹಾಕಿದ ಬೇರೆ ಸಣ್ಣ ಹಲಗೆ ಇಡೋಣ, ಅದು ಮಾತ್ರ ಅಲುಗಲಿ. ಇದೇ ಏಲರಾನ್. ಇದನ್ನ ಮೊದಲು ಯೋಚಿಸಿದವರೂ ಇವರಲ್ಲ. ಇಂಗ್ಲೆಂಡಿನಲ್ಲಿ 1868ರಲ್ಲೇ ಒಂದು ಪೇಟೆಂಟ್ ಇತ್ತು, ಫ್ರಾನ್ಸಿನಲ್ಲೂ ಪ್ರಯೋಗ ನಡೆದಿತ್ತು. ಕರ್ಟಿಸ್‌ನ ಮುಂದಿನ ವಿಮಾನಗಳಲ್ಲಿ ಏಲರಾನ್ ತಂತಿಗಳನ್ನ ಪೈಲಟ್‌ನ ಭುಜಕ್ಕೆ ಒರಗೋ ಒಂದು ಚೌಕಟ್ಟಿಗೆ ಕಟ್ಟಿದ್ದರು. ವಿಮಾನ ಎಡಕ್ಕೆ ವಾಲಿದರೆ ಪೈಲಟ್ ಬಲಕ್ಕೆ ಬಾಗಬೇಕು, ಅಷ್ಟೇ. ಸೈಕಲ್ ಹೊಡೆಯೋನ ಬುದ್ಧಿ ಇದು, ಎಲ್ಲಿದ್ರೂ ಗುರುತು ಸಿಗುತ್ತೆ.

1909ರ ಆಗಸ್ಟಿನಲ್ಲಿ ರೈಟ್ ಸಹೋದರರು ಕೋರ್ಟಿಗೆ ಹೋದರು. ಅವರ ವಾದದ ಸಾರ: ಎರಡು ತುದಿಗಳ ಕೋನವನ್ನ ಬೇರೆ ಬೇರೆ ಮಾಡಿ ಸಮತೋಲ ತರೋ ತತ್ವವೇ ನಮ್ಮದು, ನೀವು ರೆಕ್ಕೆ ತಿರುಚಿ ಇಲ್ಲ ಹಲಗೆ ಇಡಿ, ತತ್ವ ಅದೇ. ಅದೇ ತಿಂಗಳು ಕರ್ಟಿಸ್ ಫ್ರಾನ್ಸಿನ ರೀಮ್ಸ್‌ನಲ್ಲಿ ವೇಗದ ಸ್ಪರ್ಧೆಯಲ್ಲಿ ಬ್ಲೇರಿಯೋನನ್ನ ಕೆಲವೇ ಸೆಕೆಂಡುಗಳಲ್ಲಿ ಸೋಲಿಸಿ ಕಪ್ ಗೆದ್ದ. ಮುಂದಿನ ವರ್ಷ ಮೇ 29ಕ್ಕೆ ಆಲ್ಬನಿಯಿಂದ ನ್ಯೂಯಾರ್ಕ್ ನಗರದ ತನಕ ಹಡ್ಸನ್ ನದಿಯ ಗುಂಟ ಸುಮಾರು 240 ಕಿಲೋಮೀಟರ್ ಹಾರಿ 10,000 ಡಾಲರ್ ಬಹುಮಾನ ಪಡೆದ. ಆಕಾಶದಲ್ಲಿ ಗೆಲುವು, ಕೋರ್ಟಿನಲ್ಲಿ ಸೋಲು. ವಿಲ್ಬರ್ ರೈಟ್ 1912ರಲ್ಲಿ ಟೈಫಾಯಿಡ್ ಬಂದು ತೀರಿಕೊಂಡರು. ಮನೆಯವರು ಈ ಕೇಸಿನ ಓಡಾಟವೇ ಅವರನ್ನ ಸೊರಗಿಸಿತು ಅಂತ ನಂಬಿದ್ದರು. 1914ರ ಜನವರಿಯಲ್ಲಿ ಮೇಲಿನ ಕೋರ್ಟ್ ಕೂಡ ರೈಟ್‌ಗಳ ಕಡೆಗೇ ತೀರ್ಪು ಕೊಟ್ಟಿತು. ಜಗಳ ನಿಂತದ್ದು 1917ರಲ್ಲಿ, ಯುದ್ಧಕ್ಕೆ ವಿಮಾನ ಬೇಕಾದಾಗ. ಎಲ್ಲರ ಪೇಟೆಂಟುಗಳನ್ನ ಒಂದೇ ಕಡೆ ಸೇರಿಸಿ ಹಂಚಿಕೊಳ್ಳೋ ಏರ್ಪಾಡಾಯಿತು.

ಯಾರು ಸರಿ? ಸಮತೋಲದ ಗುಟ್ಟು ಬಿಡಿಸಿದ್ದು ರೈಟ್ ಸಹೋದರರು, ಆ ಗೌರವ ಪೂರ್ತಿ ಅವರದ್ದೇ. ಆದ್ರೆ ಅವರ ತಿರುಚೋ ರೆಕ್ಕೆ ಮುಂದಕ್ಕೆ ಬರಲಿಲ್ಲ. ಇವತ್ತಿಗೂ ಪ್ರತಿ ವಿಮಾನದ ರೆಕ್ಕೆಯಲ್ಲಿ ನೀವು ಕಿಟಕಿಯಿಂದ ನೋಡೋದು ಏಲರಾನ್ ಅನ್ನೇ. ಕರ್ಟಿಸ್ ಮಾಡಿದ ಒಂದು ಕೆಲಸಕ್ಕೆ ಮಾತ್ರ ನನ್ನ ಬೆಂಬಲ ಇಲ್ಲ. 1914ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ಲ್ಯಾಂಗ್ಲಿಯ ಹಳೇ ವಿಮಾನವನ್ನ, ಅಂದ್ರೆ 1903ರಲ್ಲಿ ನೀರಿಗೆ ಬಿದ್ದಿದ್ದನ್ನ, ಅವನ ಕೈಗೆ ಕೊಟ್ಟಿತು. ಅವನು ಅದಕ್ಕೆ ಹಲವು ಬದಲಾವಣೆ ಮಾಡಿ ಕ್ಯೂಕಾ ಕೆರೆಯ ಮೇಲೆ ಸ್ವಲ್ಪ ಹಾರಿಸಿದ. ರೈಟ್‌ಗಳಿಗಿಂತ ಮೊದಲೇ ಹಾರಬಲ್ಲ ಯಂತ್ರ ಇತ್ತು ಅಂತ ಸಂಸ್ಥೆ ಹೇಳಿಕೊಂಡಿತು, ಬದಲಾವಣೆಗಳ ವಿಷಯ ಬಾಯಿಬಿಡಲಿಲ್ಲ. ಸಿಟ್ಟಾದ ಆರ್ವಿಲ್ ತಮ್ಮ 1903ರ ವಿಮಾನವನ್ನೇ ಲಂಡನ್ನಿಗೆ ಕಳಿಸಿಬಿಟ್ಟರು. ಅದು ವಾಪಸ್ ಬಂದದ್ದು 1948ರಲ್ಲಿ. ಲ್ಯಾಬ್ ರೀಡಿಂಗ್ ತಿದ್ದಿ ಗ್ರಾಫ್ ಬರೆಯೋರು ಈ ಕಥೆ ಒಂದ್ಸಲ ಓದ್ಬೇಕು.

ನೀರಿನ ಮೇಲಿನ ಕೆಲಸದಲ್ಲಿ ಮಾತ್ರ ಅವನಿಗೆ ತಕರಾರೇ ಇರಲಿಲ್ಲ. 1911ರ ಜನವರಿಯಲ್ಲಿ ಸ್ಯಾನ್ ಡಿಯೇಗೋದಲ್ಲಿ ನೀರಿಂದ ಎದ್ದು ಹಾರಿದ, ಮುಂದಿನ ವರ್ಷ ದೋಣಿಯ ಮೈಯಿರುವ ಫ್ಲೈಯಿಂಗ್ ಬೋಟ್. ದೋಣಿ ಎಷ್ಟು ಜೋರಾಗಿ ಓಡಿದ್ರೂ ನೀರು ಅದರ ತಳವನ್ನ ಹಿಡಿದು ಎಳೀತಿತ್ತು. ತಳದಲ್ಲಿ ಒಂದು ಮೆಟ್ಟಿಲು ಬಿಟ್ಟಾಗ ಅಲ್ಲಿ ಗಾಳಿ ನುಗ್ಗಿ ಹಿಡಿತ ಬಿಟ್ಟಿತು. ಇವತ್ತಿನ ಸೀಪ್ಲೇನಿನ ತಳದಲ್ಲೂ ಆ ಮೆಟ್ಟಿಲಿದೆ. ಮೊದಲ ಮಹಾಯುದ್ಧದಲ್ಲಿ ಅವನ ಕಂಪನಿ ಬಫಲೋ ನಗರದಲ್ಲಿ ದೊಡ್ಡ ಕಾರ್ಖಾನೆ ಆಯಿತು. ಪೈಲಟ್‌ಗಳು ಕಲಿತ ಜೆನ್ನಿ ವಿಮಾನಗಳೇ ಸಾವಿರಗಟ್ಟಲೆ. 1919ರ ಮೇ ತಿಂಗಳಲ್ಲಿ ಕರ್ಟಿಸ್ ಕಂಪನಿಯ ಎನ್‌ಸಿ-4 ನಡುನಡುವೆ ಇಳಿಯುತ್ತಾ ಅಟ್ಲಾಂಟಿಕ್ ದಾಟಿ ಲಿಸ್ಬನ್ ಸೇರಿತು.

ಅಷ್ಟರಲ್ಲಿ ಅವನಿಗೆ ನಲವತ್ತೊಂದು. ಕೈತುಂಬ ದುಡ್ಡು, ಕಂಪನಿ ನೋಡಿಕೊಳ್ಳೋಕೆ ಬೇರೆ ಜನ. 1920ರ ದಶಕದಲ್ಲಿ ಕರ್ಟಿಸ್ ಫ್ಲೋರಿಡಾಗೆ ಬಂದ. ಜೇಮ್ಸ್ ಬ್ರೈಟ್ ಅನ್ನೋ ದನ ಸಾಕುವವರ ಜೊತೆ ಸೇರಿ ಮಯಾಮಿ ಪಕ್ಕದಲ್ಲಿ ಹಯಾಲಿಯಾ ಊರು ಕಟ್ಟಿದ, ಆಮೇಲೆ ಮಯಾಮಿ ಸ್ಪ್ರಿಂಗ್ಸ್, ಆಮೇಲೆ ಓಪಾ-ಲಾಕಾ. ಕೊನೆಯದ್ದು ಅರೇಬಿಯನ್ ನೈಟ್ಸ್ ಕಥೆಯಿಂದ ಎದ್ದು ಬಂದ ಹಾಗಿದೆ: ಗುಮ್ಮಟ, ಮಿನಾರು, ಅಲಿ ಬಾಬಾ ಹೆಸರಿನ ರಸ್ತೆ. 1926ರ ಸೆಪ್ಟೆಂಬರಿನ ಚಂಡಮಾರುತ ಆ ಕಡೆಯ ಜಮೀನು ವ್ಯಾಪಾರವನ್ನೇ ಮಲಗಿಸಿತು.

ಊರು ಕಟ್ಟೋ ಮಧ್ಯೆ ಅವನಿಗೆ ಇದ್ದ ಹುಚ್ಚು ಬೇಟೆ. ಎವರ್‌ಗ್ಲೇಡ್ಸ್ ಅನ್ನೋ ಜೌಗು ಕಾಡಿಗೆ ಗೆಳೆಯರನ್ನ ಕಟ್ಟಿಕೊಂಡು ಹೋಗಬೇಕು, ರಾತ್ರಿ ಅಲ್ಲೇ ಉಳಿಯಬೇಕು. ನೆಲದ ಮೇಲೆ ಡೇರೆ ಹಾಕಿದ್ರೆ ಕೆಳಗೆ ನೀರು, ಸುತ್ತ ಸೊಳ್ಳೆ, ಹಾವು. ಹಾಗಾಗಿ ಕಾರಿನ ಹಿಂದೆ ಎಳೆಯೋ ಮನೆ ಮಾಡಿದ. ಅಮ್ಮನ ಎರಡನೇ ಮದುವೆಯ ಮಗ, ತಮ್ಮ ಕಾರ್ಲ್ ಆಡಮ್ಸ್ ಹೆಸರಲ್ಲಿ ಅದಕ್ಕೆ ಆಡಮ್ಸ್ ಮೋಟಾರ್ ಬಂಗಲೋ ಅಂತ ಹೆಸರಿಟ್ಟರು. ಬಂಗಲೋ ಅನ್ನೋ ಪದ ಬಂಗಾಳದ ಕಡೆಯ ಮನೆಯಿಂದ ಹುಟ್ಟಿದ್ದು, ಅದು ಫ್ಲೋರಿಡಾದ ಜೌಗಿನ ತನಕ ಹೋಗಿದೆ ನೋಡಿ. ರಸ್ತೆಯಲ್ಲಿ ಇದು ಸಣ್ಣ ಪೆಟ್ಟಿಗೆ. ನಿಲ್ಲಿಸಿದಮೇಲೆ ಹಾಸಿಗೆಗಳು ಗಾಡಿಯ ಮೈಯಿಂದ ಹೊರಕ್ಕೆ ಬಿಚ್ಚಿಕೊಳ್ಳುತ್ತವೆ, ಮೇಲೆ ಕ್ಯಾನ್ವಾಸ್. ಒಳಗಿನ ಜಾಗ ಓಡಾಡೋಕೆ ಖಾಲಿ.

ಓಡುವಾಗ ಚಿಕ್ಕದು, ನಿಂತಾಗ ಅಗಲ. ಸ್ಲೈಡ್-ಔಟ್ ಮಾಡೋದೂ ಇದನ್ನೇ. ವ್ಯತ್ಯಾಸ ಏನಂದ್ರೆ ಅವನದ್ದು ಕೀಲಿನ ಮೇಲೆ ಮಡಚುತ್ತೆ, ಬಟ್ಟೆಯ ಗೋಡೆ. ಇವತ್ತಿನದ್ದು ಗಟ್ಟಿ ಗೋಡೆ, ಛಾವಣಿ, ನೆಲ ಎಲ್ಲ ಇರೋ ಪೂರ್ತಿ ಡಬ್ಬವೇ ಜರುಗುತ್ತೆ. ಈ ಬದಲಾವಣೆಗೆ ಯಾಕೆ ಅಷ್ಟು ವರ್ಷ ಬೇಕಾಯಿತು ಅಂತ ಗೊತ್ತಾಗಬೇಕಾದ್ರೆ ಕರ್ಟಿಸ್‌ನನ್ನ ಒಂದು ನಿಮಿಷ ಬೇಟೆಗೆ ಬಿಟ್ಟು, ನಿಮ್ಮ ಹಾಸ್ಟೆಲ್ ಮೇಜಿನ ಡ್ರಾಯರ್ ಎಳೆದು ನೋಡಿ.

ಅಗಲ ಜಾಸ್ತಿ, ಉದ್ದ ಕಮ್ಮಿ ಇರೋ ಡ್ರಾಯರನ್ನ ಒಂದೇ ಮೂಲೆ ಹಿಡಿದು ಎಳೆದ್ರೆ ಓರೆಯಾಗಿ ಸಿಕ್ಕಿಹಾಕ್ಕೊಳ್ಳುತ್ತೆ. ಎಷ್ಟು ಜೋರಾಗಿ ಎಳೆದ್ರೂ ಬರಲ್ಲ. ಯಾಕಂದ್ರೆ ಮೂಲೆಯ ಎಳೆತ ಡ್ರಾಯರನ್ನ ತಿರುಗಿಸುತ್ತೆ, ತಿರುಗಿದ ಡ್ರಾಯರ್ ಎರಡು ಪಕ್ಕದ ಹಳಿಗಳನ್ನ ಒತ್ತುತ್ತೆ, ಒತ್ತಿದಷ್ಟೂ ಘರ್ಷಣೆ. ಲೆಕ್ಕ ಹಾಕಿದ್ರೆ ಹೀಗೆ ಬರುತ್ತೆ: ನೀವು ಎಳೆಯೋ ಜಾಗ ನಡುಗೆರೆಯಿಂದ ಎಷ್ಟು ದೂರ ಇದೆಯೋ ಅದು, ಹಳಿಯೊಳಗೆ ಇನ್ನೂ ಕೂತಿರೋ ಉದ್ದವನ್ನ ಘರ್ಷಣಾಂಕದ ಎರಡರಷ್ಟರಿಂದ ಭಾಗಿಸಿದ್ದಕ್ಕಿಂತ ಹೆಚ್ಚಾದ್ರೆ, ಡ್ರಾಯರ್ ಕಚ್ಚಿಕೊಳ್ಳುತ್ತೆ. ಘರ್ಷಣಾಂಕ 0.5 ಅಂತಿಟ್ಟುಕೊಳ್ಳಿ, ಆಗ ಆ ದೂರ ಹಳಿಯೊಳಗಿನ ಉದ್ದದಷ್ಟಾದ್ರೂ ಸಾಕು. ಎಳೆಯೋ ಬಲ ಈ ಲೆಕ್ಕದಲ್ಲಿ ಬರೋದೇ ಇಲ್ಲ, ಅದು ಎರಡೂ ಕಡೆ ವಜಾ ಆಗಿಹೋಗುತ್ತೆ. ಅದಕ್ಕೇ ಗುದ್ದಿದ್ರೂ ಪ್ರಯೋಜನ ಇಲ್ಲ.

ಸ್ಲೈಡ್-ಔಟ್ ಅನ್ನೋದು ಇಂಥ ಕೆಟ್ಟ ಆಕಾರದ ಡ್ರಾಯರ್. ಅಗಲ ನಾಲ್ಕು ಮೀಟರ್ ಇರಬಹುದು, ಹೊರಕ್ಕೆ ಹೋಗೋದು ಒಂದು ಮೀಟರಿಗಿಂತ ಕಮ್ಮಿ. ಹಾಗಾಗಿ ಎರಡು ತುದಿಗಳನ್ನೂ ಒಂದೇ ಸಮಕ್ಕೆ ತಳ್ಳಬೇಕು. ಒಂದು ಬಗೆಯಲ್ಲಿ ನೆಲದ ಕೆಳಗೆ ಎರಡು ತೋಳು, ಪ್ರತಿ ತೋಳಿಗೂ ಹಲ್ಲಿನ ಪಟ್ಟಿ, ಅಂದ್ರೆ ನಮ್ಮ ರ‍್ಯಾಕ್ ಅಂಡ್ ಪಿನಿಯನ್. ಎರಡು ಪಿನಿಯನ್ನುಗಳನ್ನ ಒಂದೇ ಶಾಫ್ಟ್ ಜೋಡಿಸುತ್ತೆ, ಆದ್ದರಿಂದ ಒಂದು ಹಿಂದೆ ಬೀಳೋ ಹಾಗೇ ಇಲ್ಲ. ಭಾರದ ಕೋಣೆಗಳಿಗೆ ಹೈಡ್ರಾಲಿಕ್ ಸಿಲಿಂಡರ್ ಬಳಸ್ತಾರೆ. ಇನ್ನೊಂದು ಬಗೆಯಲ್ಲಿ ಉಕ್ಕಿನ ಹಗ್ಗ, ರಾಟೆ. ಮತ್ತೊಂದರಲ್ಲಿ ಪಕ್ಕದ ಗೋಡೆಗಳಲ್ಲೇ ಹಲ್ಲಿನ ಹಳಿ, ಎರಡು ಕಡೆಗೂ ಬೇರೆ ಬೇರೆ ಮೋಟಾರ್. ಶಾಫ್ಟ್ ಬದಲು ಇಲ್ಲಿ ಕಂಟ್ರೋಲರ್ ಕೂತು ಎರಡು ಮೋಟಾರೂ ಎಷ್ಟು ಸುತ್ತು ತಿರುಗಿದವು ಅಂತ ಹಾಲ್ ಸೆನ್ಸರ್‌ನಿಂದ ಎಣಿಸುತ್ತೆ. ಇಸಿಯವರಿಗೂ ಒಂಚೂರು ಕೆಲಸ ಸಿಕ್ಕಿತು.

ಭಾರದ ಲೆಕ್ಕ ಬೇರೆ. ಕೋಣೆ ಹೊರಗೆ ಬಂದಮೇಲೆ ಅದು ಕ್ಯಾಂಟಿಲಿವರ್. ಲೆಕ್ಕಕ್ಕೆ ಅಂತ 400 ಕೆ.ಜಿ. ಕೋಣೆ, ಅದರ ಭಾರಕೇಂದ್ರ ಗಾಡಿಯ ಗೋಡೆಯಿಂದ ಅರ್ಧ ಮೀಟರ್ ಆಚೆ ಅಂದುಕೊಂಡ್ರೆ, ಸುಮಾರು 2 ಕಿಲೋನ್ಯೂಟನ್-ಮೀಟರ್ ಮೊಮೆಂಟ್. ಹೊರತುದಿ ಕೆಳಗೆ ಜಗ್ಗುತ್ತೆ, ಒಳತುದಿ ಮೇಲಕ್ಕೆ ಏಳೋಕೆ ನೋಡುತ್ತೆ. ಕೆಳಗೆ ರೋಲರ್ ಇಟ್ಟರೆ ಸಾಲದು, ಒಳತುದಿಯನ್ನ ಮೇಲಿಂದಲೂ ಅದುಮಿ ಹಿಡಿಯೋ ಏರ್ಪಾಡು ಬೇಕು. ಕೋಣೆ ತೆಗೆಯೋ ಮೊದಲು ಗಾಡಿಯನ್ನ ಜ್ಯಾಕ್ ಮೇಲೆ ಮಟ್ಟ ಮಾಡಬೇಕು ಅನ್ನೋದು ಸಾಮಾನ್ಯ ನಿಯಮ. ಇದರ ಮೇಲೆ ಮಳೆ ನೀರು ಬರದ ಹಾಗೆ ಸುತ್ತಲೂ ರಬ್ಬರ್ ಸೀಲ್.

ಆದ್ರೆ ನಿಜವಾದ ಬೆಲೆ ತೆರೋದು ಗಾಡಿಯ ಗೋಡೆ. ಒಂದು ರಟ್ಟಿನ ಪೆಟ್ಟಿಗೆಯ ಆರೂ ಮುಖ ಮುಚ್ಚಿದ್ದಾಗ ಅದನ್ನ ತಿರುಚೋಕೆ ಕಷ್ಟ. ಒಂದು ಪಕ್ಕ ದೊಡ್ಡ ಕಿಂಡಿ ಕತ್ತರಿಸಿ, ಆಮೇಲೆ ತಿರುಚಿ ನೋಡಿ. ಸ್ಲೈಡ್-ಔಟ್ ಅಂದ್ರೆ ಆ ಕಿಂಡಿಯೇ. ಕಳೆದುಹೋದ ಗಟ್ಟಿತನವನ್ನ ಕಿಂಡಿಯ ಸುತ್ತಿನ ಚೌಕಟ್ಟಿಗೂ ಕೆಳಗಿನ ಚಾಸಿಗೂ ಉಕ್ಕು ಸೇರಿಸಿ ವಾಪಸ್ ಕೊಂಡುಕೊಳ್ಳಬೇಕು, ಅಂದ್ರೆ ತೂಕ. ಮೈ ಗಟ್ಟಿಯಾಗಿರಲಿ, ಅಲುಗೋ ಭಾಗ ಬೇರೆಯೇ ಇರಲಿ ಅನ್ನೋದು ಏಲರಾನಿನ ನೀತಿ. ಆ ನೀತಿ ಇಲ್ಲೂ ಅದೇ. ಏಲರಾನ್ ರೆಕ್ಕೆಯ ಅಂಚಿನಲ್ಲಿದ್ದು ರೆಕ್ಕೆಗೆ ಹೆಚ್ಚು ತೊಂದರೆ ಕೊಡಲ್ಲ, ಈ ಕೋಣೆ ಗಾಡಿಯ ಹೊಟ್ಟೆಯಲ್ಲೇ ಜಾಗ ಕೇಳುತ್ತೆ, ಅಷ್ಟೇ ಫರಕು.

ಕರ್ಟಿಸ್ ಈ ಬೆಲೆ ಕೊಡೋಕೆ ಸಿದ್ಧನಿರಲಿಲ್ಲ. 1928ರಲ್ಲಿ ಅವನು ಓಪಾ-ಲಾಕಾದಲ್ಲಿ ಏರೋಕಾರ್ ಅನ್ನೋ ಹೊಸ ಟ್ರೇಲರ್ ಮಾಡೋಕೆ ಶುರುಮಾಡಿದಾಗ ಬಿಚ್ಚೋದು ಮಡಚೋದು ಎಲ್ಲ ಕೈಬಿಟ್ಟ. ಉದ್ದನೆಯ, ಮುಚ್ಚಿದ, ಒಂದೇ ಮೈ. ಒಳಗೆ ಹಾಸಿಗೆ, ಅಡಿಗೆ ಜಾಗ. ಗೋಡೆಯೊಳಗೆ ಇದ್ದದ್ದು ಮಾತ್ರ ವಿಮಾನ: ತೆಳು ಮರದ ಕಂಬಗಳು, ಅವುಗಳ ಮಧ್ಯೆ ಓರೆಯಾಗಿ ಬಿಗಿದ ಉಕ್ಕಿನ ತಂತಿ, ಬಿಗಿ ಹೆಚ್ಚು ಕಮ್ಮಿ ಮಾಡೋಕೆ ಟರ್ನ್‌ಬಕಲ್. ಜೂನ್ ಬಗ್ಗಿನ ಎರಡು ರೆಕ್ಕೆಗಳನ್ನ ಹಿಡಿದಿಟ್ಟದ್ದು ಇದೇ ಕಂಬ-ತಂತಿ. ನಾವು ಮೆಕ್ಯಾನಿಕ್ಸಲ್ಲಿ ಕಾಗದದ ಮೇಲೆ ಬಿಡಿಸೋ ಟ್ರಸ್: ಕಂಬ ಒತ್ತಡ ತಗೊಳ್ಳುತ್ತೆ, ತಂತಿ ಎಳೆತ ತಗೊಳ್ಳುತ್ತೆ, ಯಾವುದೂ ಬಾಗಬೇಕಾಗಿಲ್ಲ. ಹೀಗಾಗಿ ಕೆಳಗೆ ಭಾರದ ಉಕ್ಕಿನ ಚಾಸಿಯ ಅಗತ್ಯ ಕಮ್ಮಿಯಾಯಿತು, ಗೋಡೆಯೇ ತೊಲೆ ಆಯಿತು. ಇಂಥ ಗೋಡೆಯ ಮಧ್ಯೆ ಕಿಂಡಿ ಕೊರೆಯೋದು ಅಂದ್ರೆ ಒಂದೆರಡು ಓರೆ ತಂತಿ ಕತ್ತರಿಸಿದ ಹಾಗೆ. ಬಂಗಲೋದಲ್ಲಿ ಜಾಗ ಗೆದ್ದು ಗಟ್ಟಿತನ ಬಿಟ್ಟುಕೊಟ್ಟ. ಏರೋಕಾರಿನಲ್ಲಿ ಗಟ್ಟಿತನ, ಹಗುರ, ವೇಗ ಗೆದ್ದು ಜಾಗ ಬಿಟ್ಟುಕೊಟ್ಟ. ಎರಡನ್ನೂ ಒಟ್ಟಿಗೆ ಹಿಡಿಯೋಕೆ ಬೇಕಾಗಿದ್ದ ಅಗ್ಗದ ಮೋಟಾರು, ಒಳ್ಳೆ ಸೀಲು ಅವನ ಕಾಲಕ್ಕೆ ಇರಲಿಲ್ಲ. ನನ್ನ ಲೆಕ್ಕದಲ್ಲಿ, ತಂತಿಯ ಗೋಡೆ ಕಂಡವನು ಕೋಣೆ ಜರುಗಿಸೋಕೆ ಹೋಗದೇ ಇದ್ದದ್ದು ತಿಳಿದೇ ಮಾಡಿದ ಆಯ್ಕೆ.

1929ರಲ್ಲಿ ಒಂದು ತಮಾಷೆ ನಡೆಯಿತು. ವ್ಯಾಪಾರಿಗಳು ಸೇರಿ ಕರ್ಟಿಸ್ ಹೆಸರಿನ ಕಂಪನಿಯನ್ನೂ ರೈಟ್ ಹೆಸರಿನ ಕಂಪನಿಯನ್ನೂ ಒಂದು ಮಾಡಿ ಕರ್ಟಿಸ್-ರೈಟ್ ಅಂತ ಹೆಸರಿಟ್ಟರು. ವರ್ಷಗಟ್ಟಲೆ ಕೋರ್ಟಿನ ಎರಡು ಕಡೆ ನಿಂತಿದ್ದ ಹೆಸರುಗಳ ಮಧ್ಯೆ ಈಗ ಒಂದು ಅಡ್ಡಗೆರೆ ಮಾತ್ರ. ನಮ್ಮ ಬೆಂಗಳೂರಿಗೂ ಆ ಹೆಸರು ಬಂದಿದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದ್ರೆ ಇವತ್ತಿನ ಎಚ್‌ಎಎಲ್, ಮೊದಮೊದಲು ಜೋಡಿಸಿದ ವಿಮಾನಗಳಲ್ಲಿ ಕರ್ಟಿಸ್ ಹಾಕ್ ಕೂಡ ಇತ್ತು. 1942ರಲ್ಲಿ ಅದು ಬೆಂಗಳೂರಿನ ಮೇಲೆ ಹಾರಿತು.

ಅದನ್ನ ನೋಡೋಕೆ ಗ್ಲೆನ್ ಇರಲಿಲ್ಲ. 1930ರ ಬೇಸಿಗೆಯಲ್ಲಿ ಹಳೇ ಪಾಲುದಾರ ಆಗಸ್ಟಸ್ ಹೆರಿಂಗ್ ಹಾಕಿದ್ದ ಇನ್ನೊಂದು ಕೇಸಿಗೆ ಅಂತ ರಾಚೆಸ್ಟರಿಗೆ ಹೋಗಿದ್ದಾಗ ಕೋರ್ಟಿನಲ್ಲೇ ಹೊಟ್ಟೆನೋವು ಬಂತು. ಅಪೆಂಡಿಕ್ಸ್. ಬಫಲೋದಲ್ಲಿ ಆಪರೇಷನ್ ಆಯಿತು, ಆದಮೇಲೆ ತೊಂದರೆ ಹೆಚ್ಚಾಗಿ ಜುಲೈ 23ರಂದು ತೀರಿಕೊಂಡ. ವಯಸ್ಸು 52. ಹ್ಯಾಮಂಡ್ಸ್‌ಪೋರ್ಟಿನಲ್ಲೇ ಮಣ್ಣು ಮಾಡಿದರು.

ಏರೋಕಾರ್ ಮಾತ್ರ ಅವನ ನಂತರವೂ 1930ರ ದಶಕವಿಡೀ ತಯಾರಾಗುತ್ತಿತ್ತು. ಅದನ್ನ ಎಳೆಯೋ ಕಾರಿನ ಹಿಂಭಾಗದಲ್ಲಿ, ಡಿಕ್ಕಿ ಇರಬೇಕಾದ ಜಾಗದಲ್ಲಿ, ಗಾಳಿ ತುಂಬಿದ ಒಂದು ವಿಮಾನದ ಟೈರನ್ನ ಅಡ್ಡಡ್ಡ ಮಲಗಿಸಿ ಕೂರಿಸಿದ್ದರು. ಟ್ರೇಲರಿನ ಮೂತಿಯಿಂದ ಕೆಳಗಿಳಿದ ಗೂಟ ಆ ಟೈರಿನ ನಡುವಿನ ತೂತಿಗೆ ಸೇರಬೇಕು. ರಸ್ತೆಯ ಗುಂಡಿಯಲ್ಲಿ ಕಾರು ಹಾರಿದಾಗ ಏಟು ತಿನ್ನೋದು ಟೈರು. ಹಿಂದೆ ಬರೋ ಮನೆಯಲ್ಲಿ ಕೂತವರಿಗೆ ಗೊತ್ತೂ ಆಗಬಾರದು.